ತಮ್ಮನ ಡೇ ಕೇರ್ ಸೆಂಟರ್ ಮತ್ತು ಅದನ್ನು ನಡೆಸುವ ಕಮಿಟಿ: ನಾಲ್ಕು ವರ್ಷದ ಅನುಭವ

ನನ್ನ ತಮ್ಮ ನಾಲ್ಕು ವರ್ಷದಿಂದ ಒಂದು ಡೇ ಕೇರ್ ಸೆಂಟರ್‌ಗೆ ಹೋಗುತ್ತಿದ್ದಾನೆ. ಅವನಿಗೆ ಸ್ಕಿಜೋಫ್ರೇನಿಯಾ, ಅಂದರೆ ಇಲ್ಲದ ದನಿ ಕೇಳಿಸುವಂಥ, ಯೋಚನೆ ದಾರಿ ತಪ್ಪುವಂಥ ಮಾನಸಿಕ ಕಾಯಿಲೆ. ಸೆಂಟರ್ ಇರುವುದು ತುಮಕೂರು ಜಿಲ್ಲೆಯ ಒಂದು ತಾಲೂಕು ಕೇಂದ್ರದಲ್ಲಿ, ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷದ ನಡಿಗೆ. ಹೆಸರು ಬರೆಯುತ್ತಿಲ್ಲ. ಅಲ್ಲಿಗೆ ಬರುವ ಎಷ್ಟೋ ಮನೆಯವರು ಊರಲ್ಲಿ ಇನ್ನೂ ವಿಷಯ ಹೇಳಿಕೊಂಡಿಲ್ಲ. "ಮಗ ಟೈಲರಿಂಗ್ ಕಲಿಯೋಕೆ ಹೋಗ್ತಾನೆ" ಅಂತ ಹೇಳಿ ದಿನಾ ಬಸ್ ಹತ್ತಿಸುವ ತಾಯಿಯೊಬ್ಬರು ನನಗೆ ಗೊತ್ತು. ಸೆಂಟರ್ ಹೆಸರು ಹಾಕಿದರೆ ಅವರ ಗುಟ್ಟು ನಾನೇ ಬಿಟ್ಟುಕೊಟ್ಟ ಹಾಗಾಗುತ್ತದೆ.

ನಾನು 22 ವರ್ಷದಿಂದ ನಮ್ಮೂರಿನ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಿಗ್ಗೆ, ಸಂಜೆ ಹಾಲು ಹಾಕಿಸಿಕೊಂಡು, ಫ್ಯಾಟ್ ನೋಡಿ, 15 ದಿನಕ್ಕೊಮ್ಮೆ ಬಟವಾಡೆ ಮಾಡುವುದು ನನ್ನ ಕೆಲಸ. ನಡಾವಳಿ ಪುಸ್ತಕ, ಠರಾವು, ಆಡಿಟ್, ಮಹಾಸಭೆ ಎಲ್ಲ ಕೈಗೆ ಹತ್ತಿದ ವಿಷಯ. ಅದಕ್ಕೇ ಇಲ್ಲಿ ಊಟ, ಡಾಕ್ಟರು, ಕ್ಲೀನಾಗಿದೆಯಾ ಅನ್ನುವುದಕ್ಕಿಂತ, ಈ ಸಂಸ್ಥೆಯನ್ನು ಯಾರು ಹೇಗೆ ನಡೆಸುತ್ತಾರೆ ಅನ್ನುವುದನ್ನೇ ಜಾಸ್ತಿ ಬರೆಯುತ್ತೇನೆ. ಮನೆಯವರನ್ನು ಎಲ್ಲಿಗೆ ಕಳಿಸಬೇಕು ಅಂತ ಹುಡುಕುವಾಗ ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹೇಳಿದ್ದರೆ 2019ರಲ್ಲಿ ಆದದ್ದು ಆಗುತ್ತಿರಲಿಲ್ಲ.

ಆ ವರ್ಷ ಅವನನ್ನು ಬೇರೊಂದು ಕಡೆ ಬಿಟ್ಟಿದ್ದೆವು. ಅಲ್ಲೇ ಉಳಿದುಕೊಳ್ಳುವ ಕೇಂದ್ರ, ನಮ್ಮೂರಿಂದ ನಾಲ್ಕು ಗಂಟೆ ದಾರಿ. ಕಾಂಪೌಂಡ್ ಒಳಗೆ ಗುಲಾಬಿ ಗಿಡ, ಆಫೀಸಿನ ಗೋಡೆ ತುಂಬಾ ಸನ್ಮಾನದ ಫೋಟೋ. ನೋಡಿ ನಂಬಿಕೆ ಬಂತು. ಎರಡು ತಿಂಗಳಾದ ಮೇಲೆ ಹೋದರೆ ತಮ್ಮನ ತಲೆ ಬೋಳಿಸಿದ್ದರು. ಮೈಮೇಲೆ ನೀಲಿ ಯೂನಿಫಾರಂ. ಅವನು ಕೊಬ್ಬರಿ ಎಣ್ಣೆ ಹಚ್ಚಿ, ಎಡಕ್ಕೆ ಬೈತಲೆ ತೆಗೆದು ಬಾಚಿಕೊಳ್ಳುವವನು. ಕಾಯಿಲೆ ಜೋರಾಗಿದ್ದ ದಿನಗಳಲ್ಲೂ ಅದೊಂದನ್ನು ಬಿಟ್ಟವನಲ್ಲ. ನನ್ನನ್ನು ನೋಡಿದ ಕೂಡಲೇ ಎರಡೂ ಕೈ ತಲೆ ಮೇಲೆ ಇಟ್ಟುಕೊಂಡ. ನಾನು ಅಲ್ಲಿ ಇರುವಷ್ಟು ಹೊತ್ತೂ ಇಳಿಸಲಿಲ್ಲ.

"ಯಾಕೆ ಬೋಳಿಸಿದ್ರಿ?" ಅಂತ ಅಲ್ಲಿದ್ದ ಹುಡುಗನನ್ನು ಕೇಳಿದೆ. "ಹೇನು ಆಗ್ತವೆ ಮೇಡಂ, ಸರ್ ಹೇಳಿದಾರೆ" ಅಂದ. ಯೂನಿಫಾರಂ ಯಾಕೆ? ಸರ್ ಹೇಳಿದಾರೆ. ಫೋನ್ ಯಾಕೆ ಕೊಡಲ್ಲ? ಸರ್ ಹೇಳಿದಾರೆ. ಸರ್ ಅಂದರೆ ಅದನ್ನು ಕಟ್ಟಿದವರು, ಅಧ್ಯಕ್ಷರೂ ಅವರೇ. ಖಜಾಂಚಿ ಅವರ ಹೆಂಡತಿ, ಕಾರ್ಯದರ್ಶಿ ಭಾಮೈದ. ಕಮಿಟಿಯಲ್ಲಿ ಬೇರೆ ಯಾರಿದ್ದಾರೆ, ಅವರ ನಂಬರ್ ಕೊಡಿ ಅಂದರೆ ಆ ಹುಡುಗ ಪೆಚ್ಚಾಗಿ ನಿಂತ. ಕಮಿಟಿ ಅಂತ ಒಂದು ಇದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.

ಇದೆಲ್ಲ ಕಾನೂನಿಗೆ ವಿರುದ್ಧ ಅಂತ ನನಗೆ ಆಮೇಲೆ ತಿಳಿಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 20ನೇ ಸೆಕ್ಷನ್‌ನಲ್ಲಿ ಬಲವಂತವಾಗಿ ತಲೆ ಬೋಳಿಸಬಾರದು, ಸ್ವಂತ ಬಟ್ಟೆ ಹಾಕಿಕೊಳ್ಳಬೇಕು ಅಂದವರಿಗೆ ಯೂನಿಫಾರಂ ಹೇರಬಾರದು ಅಂತ ಸ್ಪಷ್ಟವಾಗಿ ಬರೆದಿದೆ. ಕಾಯ್ದೆ ಇದ್ದರೂ ಆ ಗೇಟಿನ ಒಳಗೆ ಒಬ್ಬರ ಮಾತೇ ನಡೆಯುತ್ತಿತ್ತು. ಆ ಮಾತನ್ನು ಪ್ರಶ್ನಿಸುವ ಎರಡನೇ ಮನುಷ್ಯ ಅಲ್ಲಿರಲಿಲ್ಲ. ಅವತ್ತೇ ಅವನನ್ನು ಕರೆದುಕೊಂಡು ಬಂದೆ. ಕೂದಲು ಬರಲು ಮೂರು ತಿಂಗಳು ಹಿಡಿಯಿತು. ಅಷ್ಟು ದಿನ ಅವನು ಹಟ್ಟಿ ಬಾಗಿಲು ದಾಟಲಿಲ್ಲ.

ಈಗಿನ ಸೆಂಟರ್ ವಿಷಯಕ್ಕೆ ಬರುತ್ತೇನೆ. ಇದನ್ನು ಕಟ್ಟಿದವರು ಸೈಕಿಯಾಟ್ರಿಸ್ಟ್ ಅಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನೌಕರಿ ಮಾಡಿ ನಿವೃತ್ತರಾದ ಸಾಮಾನ್ಯ ಡಾಕ್ಟರು. 1985ರ ಸುಮಾರಿಗೆ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಹಳ್ಳಿ ಆಸ್ಪತ್ರೆಗಳ ಡಾಕ್ಟರುಗಳಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಅಲ್ಲೇ ಚಿಕಿತ್ಸೆ ಕೊಡಿಸುವ ಕೆಲಸ ಶುರು ಮಾಡಿದರು. 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ತಂದಾಗ ಬಳ್ಳಾರಿಯ ಅನುಭವವೇ ಮಾದರಿಯಾಯಿತು. ನಮ್ಮ ಡಾಕ್ಟರು ಆಗ ಬಳ್ಳಾರಿ ಕಡೆ ಕೆಲಸಕ್ಕೆ ಸೇರಿದ್ದ ಹೊಸಬರು. ತರಬೇತಿ ತಗೊಂಡು ಬಂದ ತಿಂಗಳಲ್ಲೇ, ಸರಪಳಿ ಹಾಕಿ ಕೊಟ್ಟಿಗೆಯಲ್ಲಿ ಕಟ್ಟಿದ್ದ ಒಬ್ಬರನ್ನು ಬಿಡಿಸಿ ಮಾತ್ರೆ ಶುರು ಮಾಡಿದ್ದನ್ನು ಈಗಲೂ ಹೇಳುತ್ತಾರೆ. ನಿವೃತ್ತಿ ಆದ ಮೇಲೆ ಏಳೆಂಟು ಜನರನ್ನು ಸೇರಿಸಿ ಇಲ್ಲಿ ಸಂಘ ನೋಂದಾಯಿಸಿದರು.

ಮೊದಲ ದಿನ ಹೋದಾಗ ನಾನು ಡಾಕ್ಟರನ್ನು ಕೇಳಿದ್ದು ಎರಡೇ ಪ್ರಶ್ನೆ. ಕಮಿಟಿಯಲ್ಲಿ ನಿಮ್ಮ ಸಂಬಂಧಿಕರು ಎಷ್ಟು ಜನ? ಹೋದ ವರ್ಷದ ಲೆಕ್ಕ ತೋರಿಸುತ್ತೀರಾ? ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಅವರು ಎದ್ದು, ಬಾಗಿಲ ಪಕ್ಕ ಮೊಳೆಗೆ ದಾರದಲ್ಲಿ ನೇತು ಹಾಕಿದ್ದ ಒಂದು ಫೈಲ್ ತಂದು ಕೈಗೆ ಕೊಟ್ಟರು. ಆಡಿಟ್ ಆದ ಲೆಕ್ಕ, ವಾರ್ಷಿಕ ವರದಿ, ಕಮಿಟಿಯ 11 ಜನರ ಹೆಸರು, ಫೋನ್ ನಂಬರ್. ಒಬ್ಬರಿಗೊಬ್ಬರು ನೆಂಟರಲ್ಲ. ಫೈಲಿನ ಮೂಲೆಗಳು ಸವೆದಿದ್ದವು, ಪುಟಗಳ ಮೇಲೆ ಟೀ ಕಲೆ ಇತ್ತು. ಜನ ಅದನ್ನು ತೆಗೆದು ಓದುತ್ತಾರೆ ಅಂತ ಆ ಕಲೆ ನೋಡಿಯೇ ಗೊತ್ತಾಯಿತು.

ಗೊತ್ತಿಲ್ಲದವರಿಗೆ ಒಂದು ಮಾತು. ನಮ್ಮ ರಾಜ್ಯದಲ್ಲಿ ಇಂಥ ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುತ್ತವೆ. ನೋಂದಣಿಗೆ ಕನಿಷ್ಠ ಏಳು ಜನ ಬೇಕು. ವರ್ಷಕ್ಕೊಮ್ಮೆ ಮಹಾಸಭೆ ಮಾಡಬೇಕು, ಲೆಕ್ಕ ಮತ್ತು ಆಡಳಿತ ಮಂಡಳಿಯ ಪಟ್ಟಿ ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕು. ಜಿಲ್ಲೆಯಲ್ಲಿ ಆ ಕೆಲಸ ನೋಡುವುದು ಸಹಕಾರ ಇಲಾಖೆಯ ಕಚೇರಿ. ನಾನು ಡೈರಿಯ ಕಾಗದ ಹಿಡಿದು ಹೋಗುವ ಅದೇ ಕಚೇರಿ. ಹಾಲಿನ ಲೆಕ್ಕ ಕೇಳುವ ಹಕ್ಕು ರೈತರಿಗೆ ಇದೆ ಅಂದಮೇಲೆ, ತಮ್ಮ ಮಕ್ಕಳನ್ನು ಬಿಟ್ಟುಹೋಗುವ ಜಾಗದ ಲೆಕ್ಕವನ್ನು ಮನೆಯವರು ಧೈರ್ಯವಾಗಿ ಕೇಳಬಹುದಲ್ವಾ? ಕೇಳಿದರೆ ಎಲ್ಲಿ ನಮ್ಮ ಹುಡುಗನನ್ನು ಸರಿಯಾಗಿ ನೋಡಿಕೊಳ್ಳದೆ ಹೋಗುತ್ತಾರೋ ಅನ್ನುವ ಭಯಕ್ಕೆ ನಾವು ಬಾಯಿ ಮುಚ್ಚಿಕೊಂಡಿರುತ್ತೇವೆ. ನಾನೂ ಹಾಗೇ ಇದ್ದೆ.

ಡೇ ಕೇರ್ ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕರವರೆಗೆ. ಭಾನುವಾರ ರಜೆ. ಸುಮಾರು 30 ಜನ ಬರುತ್ತಾರೆ. ಮಧ್ಯಾಹ್ನ ಊಟ ಅಲ್ಲೇ. ವಾರಕ್ಕೆ ಎರಡು ದಿನ ಮುದ್ದೆ, ಅವತ್ತು ಯಾರೂ ತಪ್ಪಿಸುವುದಿಲ್ಲ. ಸೈಕಿಯಾಟ್ರಿಸ್ಟ್ ತಿಂಗಳಿಗೆ ಎರಡು ಸಲ ಬರುತ್ತಾರೆ. ಬಂದವರು ಹೂಬತ್ತಿ ಹೊಸೆಯುತ್ತಾರೆ, ಫಿನಾಯಿಲ್ ತಯಾರಿಸಿ ಬಾಟಲಿಗೆ ತುಂಬುತ್ತಾರೆ. ತಮ್ಮ ಫಿನಾಯಿಲ್ ಗುಂಪಿನಲ್ಲಿದ್ದಾನೆ. ಫಿನಾಯಿಲ್ ಬೆರೆಸುವ ಅಳತೆ ಈಗ ಅವನಿಗೇ ಬಾಯಿಪಾಠ. ನೀರಿಗೆ ಬಿದ್ದ ಕೂಡಲೇ ಅದು ಬೆಳ್ಳಗಾಗುವುದನ್ನು ದಿನಾ ನೋಡಿದರೂ ಅವನಿಗೆ ಬೇಜಾರಿಲ್ಲ.

2022ರ ಸೆಪ್ಟೆಂಬರ್‌ನ ಮಹಾಸಭೆ ನನಗೆ ಮರೆಯುವಂತಿಲ್ಲ. ಡೇ ಕೇರ್‌ಗೆ ಬರುವವರನ್ನೂ, ಮನೆಯವರನ್ನೂ ಕರೆದಿದ್ದರು. ಪ್ಲಾಸ್ಟಿಕ್ ಕುರ್ಚಿ, ಶಾಮಿಯಾನ, ಉಪ್ಪಿಟ್ಟು. ಖಜಾಂಚಿ ಎದ್ದು ಜಮಾ-ಖರ್ಚು ಓದುತ್ತಿದ್ದರು. ಅನುದಾನ ಇಷ್ಟು, ದೇಣಿಗೆ ಇಷ್ಟು, ಇತರೆ ಆದಾಯ ಇಷ್ಟು. ನನ್ನ ಪಕ್ಕ ಕೂತಿದ್ದ ತಮ್ಮ ಕೈ ಎತ್ತಿದ. ಅವನು ಗುಂಪಿನಲ್ಲಿ ಮಾತಾಡಿದ್ದನ್ನು ನಾನು 18 ವರ್ಷದಿಂದ ನೋಡಿರಲಿಲ್ಲ. ಸುಮ್ನೆ ಕೂರಿಸೋಣ ಅಂತ ಅವನ ತೋಳು ಮುಟ್ಟಿದೆ. ಅಷ್ಟರಲ್ಲಿ ಡಾಕ್ಟರು ನೋಡಿ, "ಹೇಳಪ್ಪ" ಅಂದರು.

"ಫಿನಾಯಿಲ್ ಮಾರಿದ ದುಡ್ಡು ಎಲ್ಲಿ ಬರೆದಿದೆ ಸರ್?"

ಖಜಾಂಚಿ ಕನ್ನಡಕ ಸರಿ ಮಾಡಿಕೊಂಡು ಹಾಳೆ ತಿರುವಿದರು. ಒಂದು ಸಲ ಹಿಂದಕ್ಕೆ, ಒಂದು ಸಲ ಮುಂದಕ್ಕೆ. "ಇತರೆ ಆದಾಯದಲ್ಲಿ ಸೇರಿದೆ" ಅಂದರು. "ಎಷ್ಟು ಸರ್?" ಅಂದ ತಮ್ಮ. ಬಿಡಿಸಿ ಹೇಳಲು ಅವರ ಹತ್ತಿರ ಲೆಕ್ಕ ಇರಲಿಲ್ಲ. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ಖಜಾಂಚಿ ಸುತ್ತಿ ಬಳಸಿ ಮಾತಾಡದೆ, "ಅದು ಬೇರೆ ತೋರಿಸಬೇಕಿತ್ತು, ತಪ್ಪಾಗಿದೆ. ಮುಂದಿನ ತಿಂಗಳ ಒಳಗೆ ಬಿಡಿ ಲೆಕ್ಕ ಬೋರ್ಡ್ ಮೇಲೆ ಹಾಕ್ತೀನಿ" ಅಂದರು. ಹಾಕಿದರು ಕೂಡ. ಮುಂದಿನ ವರ್ಷದ ಲೆಕ್ಕದಲ್ಲಿ ಫಿನಾಯಿಲ್‌ಗೆ, ಹೂಬತ್ತಿಗೆ ಒಂದೊಂದು ಸಾಲು ಬಂತು. ಸಾಮಾನಿನ ಖರ್ಚು ಕಳೆದು ಉಳಿದದ್ದನ್ನು ಕೆಲಸ ಮಾಡಿದವರ ಸ್ವಂತ ಬ್ಯಾಂಕ್ ಖಾತೆಗೆ ಹಾಕುವುದು ಅಂತ ಠರಾವಾಯಿತು. ತಮ್ಮನಿಗೆ ಮೊದಲ ತಿಂಗಳು ಬಂದದ್ದು 640 ರೂಪಾಯಿ. ಅದರಲ್ಲಿ ನನಗೆ ಒಂದು ಡಜನ್ ಬಳೆ ತಂದ. ಅಳತೆ ಸ್ವಲ್ಪ ದೊಡ್ಡದು. ಹಾಗೇ ಹಾಕಿಕೊಂಡೆ.

ಈ ಪ್ರಶ್ನೆಗೆ ಆ ಸಭೆಯಲ್ಲಿ ಬೇರೆ ಬೇರೆ ರೀತಿ ಉತ್ತರ ಬರಬಹುದಿತ್ತು. "ಪಾಪ, ಕೂತ್ಕೊಳ್ಳಪ್ಪ" ಅನ್ನಬಹುದಿತ್ತು. ನನ್ನ ಕಡೆ ನೋಡಿ "ಅಕ್ಕ, ಇವತ್ತು ಮಾತ್ರೆ ತಗೊಂಡಿದ್ದಾನಾ?" ಅಂತ ಕೇಳಬಹುದಿತ್ತು. ಬೇರೆ ಕಡೆ ಕೇಳಿದ್ದಾರೆ. ಇಲ್ಲಿ ಲೆಕ್ಕದ ಪ್ರಶ್ನೆಗೆ ಲೆಕ್ಕದ ಉತ್ತರ ಕೊಟ್ಟರು. ನಡಾವಳಿಯಲ್ಲಿ ಅವನ ಹೆಸರು ಹಾಕಿ, ಅವನ ಪ್ರಶ್ನೆಯನ್ನು ಅವನ ಮಾತಲ್ಲೇ ಬರೆದರು.

ದೂರು ಪೆಟ್ಟಿಗೆ ಬಗ್ಗೆಯೂ ಹೇಳಬೇಕು. ಎಲ್ಲ ಕಡೆ ಇರುತ್ತದೆ, ಬೀಗದ ಕೈ ಮಾತ್ರ ಮ್ಯಾನೇಜರ್ ಹತ್ತಿರ ಇರುತ್ತದೆ. ಇಲ್ಲಿ ಕೈ ಇರುವುದು ಸ್ಟಾಫ್ ಅಲ್ಲದ, ಮನೆಯವರ ಪೈಕಿ ಒಬ್ಬರ ಹತ್ತಿರ. ವರ್ಷಕ್ಕೊಮ್ಮೆ ಬದಲಾಗುತ್ತದೆ. ತಿಂಗಳ ಮೊದಲ ಶನಿವಾರ ಎಲ್ಲರ ಮುಂದೆ ತೆಗೆದು ಓದುತ್ತಾರೆ, ಉತ್ತರ ಕರಿಹಲಗೆ ಮೇಲೆ ಬರೆಯುತ್ತಾರೆ. 2023ರಲ್ಲಿ ಕೈ ನನ್ನ ಹತ್ತಿರ ಇತ್ತು. ಟೀ ತಣ್ಣಗಿದೆ ಅಂತ ಒಂದು ಚೀಟಿ. ಬಚ್ಚಲಿಗೆ ಒಳಗಿನಿಂದ ಚಿಲಕ ಇಲ್ಲ ಅಂತ ಒಂದು. ಪೆನ್ಸಿಲ್‌ನಲ್ಲಿ, ನೋಟ್‌ಬುಕ್ಕಿನ ಅರ್ಧ ಹಾಳೆಯಲ್ಲಿ, "ನನಗೆ 46 ವರ್ಷ. ನನ್ನನ್ನು ಪುಟ್ಟಾ ಅನ್ನಬೇಡಿ" ಅಂತ ಇನ್ನೊಂದು. ಅದನ್ನು ಓದುವಾಗ ನನ್ನ ಗಂಟಲು ಕಟ್ಟಿತು. ಸೋಮವಾರದಿಂದ ಸ್ಟಾಫ್ ಎಲ್ಲರನ್ನೂ ಹೆಸರು ಹಿಡಿದು, ದೊಡ್ಡವರಾದರೆ ಅಣ್ಣ, ಅಕ್ಕ ಅಂತ ಕರೆಯಲು ಶುರು ಮಾಡಿದರು. ಚಿಲಕಕ್ಕೆ ಮಾತ್ರ ಎರಡು ತಿಂಗಳು ಬೇಕಾಯಿತು. ಒಳಗಿಂದ ಚಿಲಕ ಹಾಕಿಕೊಂಡು ಯಾರಾದರೂ ಏನಾದರೂ ಮಾಡಿಕೊಂಡರೆ ಅಂತ ಕಮಿಟಿಯಲ್ಲಿ ಭಯ ಇತ್ತು. ಆ ಭಯ ಸುಳ್ಳಲ್ಲ. ಕೊನೆಗೆ ಹೊರಗಿನಿಂದಲೂ ಸ್ಕ್ರೂಡ್ರೈವರ್‌ನಲ್ಲಿ ತೆಗೆಯಬಹುದಾದ ಚಿಲಕ ಹುಡುಕಿ ಹಾಕಿಸಿದರು.

ಅದೇ 2023ರಲ್ಲಿ ಡಾಕ್ಟರು ಅಧ್ಯಕ್ಷ ಸ್ಥಾನ ಬಿಟ್ಟರು. ಒಬ್ಬರು ಮೂರು ವರ್ಷದ ಎರಡು ಅವಧಿಗಿಂತ ಜಾಸ್ತಿ ಅಧ್ಯಕ್ಷರಾಗಬಾರದು ಅಂತ 2017ರಲ್ಲಿ ಅವರೇ ಬೈಲಾಕ್ಕೆ, ಅಂದರೆ ಸಂಘದ ನಿಯಮಾವಳಿಗೆ, ಸೇರಿಸಿದ್ದರಂತೆ. ಮಹಾಸಭೆಯಲ್ಲಿ ಅರ್ಧ ಜನ ಆ ನಿಯಮ ತೆಗೆದು ಹಾಕೋಣ ಅಂದರು. ನಾನೂ ಹಾಗೇ ಅಂದವಳೇ. ಡಾಕ್ಟ್ರಿಲ್ಲದೆ ಸೆಂಟರ್ ಹೇಗೆ ನಡೆಯುತ್ತೆ ಅನ್ನುವ ಹೆದರಿಕೆ. ಅವರು ಎದ್ದು ಹೇಳಿದ್ದು ಇಷ್ಟೇ: "ನನಗೆ 71 ವರ್ಷ. ನಾನು ಬದುಕಿರೋವಾಗಲೇ ನಾನಿಲ್ಲದೆ ನಡೆಸೋದು ಕಲಿತುಕೊಳ್ಳಿ. ಏನಾದ್ರೂ ತಪ್ಪಾದ್ರೆ ಕೇಳೋಕೆ ಇದೇ ಊರಲ್ಲಿ ಇರ್ತೀನಿ." ನಿಯಮ ಉಳಿಯಿತು.

ಚೆನ್ನೈನಲ್ಲಿ ಸ್ಕಾರ್ಫ್ ಅನ್ನುವ ಸಂಸ್ಥೆ ಇದೆ, ಸ್ಕಿಜೋಫ್ರೇನಿಯಾ ಇರುವವರಿಗಾಗಿಯೇ 1984ರಲ್ಲಿ ಡಾ. ಶಾರದಾ ಮೆನನ್ ಕಟ್ಟಿದ್ದು. ಅವರು ಮಂಗಳೂರಿನಲ್ಲಿ ಹುಟ್ಟಿದವರು. ಮುಂದೆ ಸಂಸ್ಥೆಯನ್ನು ಡಾ. ಆರ್. ತಾರಾ ನಡೆಸಿದರು, ಅವರಾದ ಮೇಲೆ ಇನ್ನೊಬ್ಬರು. ಮೆನನ್ 2021ರಲ್ಲಿ ತೀರಿಕೊಂಡಾಗ ಸಂಸ್ಥೆ ತಬ್ಬಲಿಯಾಗಲಿಲ್ಲ. ಡಾಕ್ಟರು ಆ ಸಭೆಯಲ್ಲಿ ಈ ವಿಷಯವನ್ನೂ ಹೇಳಿದ್ದರು. ಆಗ ಅಷ್ಟಾಗಿ ತಲೆಗೆ ಹೋಗಲಿಲ್ಲ. ಈ ಕಾಯಿಲೆ ಎಷ್ಟೋ ಜನಕ್ಕೆ ಜೀವನ ಪೂರ್ತಿ ಇರುತ್ತದೆ. ನನಗೀಗ 51, ತಮ್ಮನಿಗೆ 43. ನಾನು ಹೋದ ಮೇಲೂ ಅವನಿಗೆ ಹೋಗಲು ಒಂದು ಜಾಗ ಇರಬೇಕು. ಒಬ್ಬರ ಉಸಿರಿನ ಮೇಲೆ ನಿಂತ ಜಾಗ ಆದರೆ ನಾನು ಹೇಗೆ ನೆಮ್ಮದಿಯಿಂದ ಇರಲಿ?

ಹೊಸ ಅಧ್ಯಕ್ಷೆ ನಿವೃತ್ತ ಹೆಡ್‌ಮಿಸ್ಟ್ರೆಸ್. ಅವರ ಮಗಳೂ ಇಲ್ಲಿಗೆ ಬರುತ್ತಾರೆ. ಎಲ್ಲರೂ ಟೀಚರಮ್ಮ ಅಂತಾರೆ. ಮನಸ್ಸು ತುಂಬಾ ಒಳ್ಳೆಯದು, ಆದರೆ ಮೊದಲ ಆರು ತಿಂಗಳು ಕಷ್ಟವಾಯಿತು. ಸೋಷಿಯಲ್ ವರ್ಕರ್ ಹುಡುಗಿಯರಿಗೆ ನೇರ ಫೋನ್ ಮಾಡಿ ಅದು ಮಾಡು, ಇದು ಮಾಡು ಅನ್ನುತ್ತಿದ್ದರು. ಕೋಆರ್ಡಿನೇಟರ್ ಮೇಡಂ ಒಂದು ಹೇಳಿದರೆ ಇವರು ಇನ್ನೊಂದು. ಇಬ್ಬರು ಹುಡುಗಿಯರು ಕೆಲಸ ಬಿಟ್ಟರು. ನಮ್ಮ ಡೈರಿಯಲ್ಲೂ ಇದೇ ಗೋಳು, ಡೈರೆಕ್ಟರ್‌ಗಳು ಬಂದು ಟೆಸ್ಟರ್ ಹುಡುಗನಿಗೆ ಅಪ್ಪಣೆ ಕೊಡುತ್ತಾರೆ. ಕಮಿಟಿ ಕೂತು ಒಂದು ಪುಟದ ನಿಯಮ ಬರೆಯಿತು. ಏನು ಮಾಡಬೇಕು ಅಂತ ತೀರ್ಮಾನಿಸುವುದು ಕಮಿಟಿ, ದಿನದ ಕೆಲಸ ಕೋಆರ್ಡಿನೇಟರ್‌ದು, ಸ್ಟಾಫ್‌ಗೆ ಹೇಳುವುದೇನಿದ್ದರೂ ಅವರ ಮೂಲಕವೇ. ಟೀಚರಮ್ಮ ತಾವೇ ಮೊದಲು ಸಹಿ ಹಾಕಿದರು. ಆಮೇಲೆ ಸರಿಹೋಯಿತು.

ಈಗ ಕಹಿ ವಿಷಯ. 2024ರ ಫೆಬ್ರವರಿಯಲ್ಲಿ ತಮ್ಮನ ಇಂಜೆಕ್ಷನ್ ತಪ್ಪಿತು. ಅವನಿಗೆ ತಿಂಗಳಿಗೊಮ್ಮೆ ಡಿಪೋ ಇಂಜೆಕ್ಷನ್, ಅಂದರೆ ಒಮ್ಮೆ ಕೊಟ್ಟರೆ ವಾರಗಟ್ಟಲೆ ಮೈಯಲ್ಲಿ ಉಳಿದು ಕೆಲಸ ಮಾಡುವ ಔಷಧಿ. ನರ್ಸ್ ಹೆರಿಗೆ ರಜೆ ಮೇಲೆ ಹೋದರು, ಬದಲಿ ನರ್ಸ್‌ಗೆ ರಿಜಿಸ್ಟರ್ ಒಪ್ಪಿಸುವಾಗ ಒಂದು ಪುಟ ಬಿಟ್ಟುಹೋಯಿತು. ಆ ಪುಟದಲ್ಲಿ ನಾಲ್ಕು ಹೆಸರಿತ್ತು. ನಾನೂ ಡೈರಿ ಆಡಿಟ್ ಗಡಿಬಿಡಿಯಲ್ಲಿ ತಾರೀಖು ನೋಡಲಿಲ್ಲ. ಒಂಬತ್ತನೇ ದಿನಕ್ಕೆ ಅವನು ನಿದ್ದೆ ಬಿಟ್ಟ. ಒಂದು ರಾತ್ರಿ ಎದ್ದು ನೋಡಿದರೆ ಹಾಸಿಗೆ ಖಾಲಿ. ತೋಟದಲ್ಲಿ ತೆಂಗಿನ ಮರ ತಬ್ಬಿಕೊಂಡು ನಿಂತಿದ್ದ, ಮರದ ಒಳಗೆ ಯಾರೋ ಮಾತಾಡುತ್ತಿದ್ದಾರೆ ಅಂದ. ರಾತ್ರಿ ಸೆಂಟರ್‌ನ ಫೋನ್ ಎತ್ತುವವರಿಲ್ಲ. 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ ಫೋನ್ ಮಾಡಿದೆ. 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಅದು, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಳಗಾಗುವವರೆಗೆ ಏನು ಮಾಡಬೇಕು ಅಂತ ಆ ಕಡೆಯವರು ನಿಧಾನವಾಗಿ ಹೇಳಿದರು. ಬೆಳಿಗ್ಗೆ ಜಿಲ್ಲಾಸ್ಪತ್ರೆಗೆ ಕರೆದುಕೊಂಡು ಹೋದೆವು. ಅವನು ಮೊದಲಿನ ಹಾಗಾಗಲು ಏಳು ವಾರ ಹಿಡಿಯಿತು.

ನನಗೆ ಬಂದ ಸಿಟ್ಟಿಗೆ ಅವತ್ತೇ ಸೆಂಟರ್ ಬಿಡಿಸುತ್ತಿದ್ದೆ. ಮೂರನೇ ದಿನ ಟೀಚರಮ್ಮ, ಕೋಆರ್ಡಿನೇಟರ್ ಇಬ್ಬರೂ ಮನೆಗೆ ಬಂದರು. ನೆಪ ಹೇಳಲಿಲ್ಲ. ತಪ್ಪು ಎಲ್ಲಾಯಿತು, ಉಳಿದ ಮೂವರು ಹೇಗಿದ್ದಾರೆ, ಇನ್ನು ಮೇಲೆ ಏನು ಮಾಡುತ್ತೇವೆ ಅಂತ ಬರೆದ ಕಾಗದ ಕೊಟ್ಟರು. ಅದನ್ನು ಕಮಿಟಿಯ ನಡಾವಳಿಯಲ್ಲಿ ಸೇರಿಸಿದ್ದಾರೆ, ಆ ವರ್ಷದ ವಾರ್ಷಿಕ ವರದಿಯಲ್ಲಿ ಹೆಸರುಗಳನ್ನು ಬಿಟ್ಟು ಅಚ್ಚು ಹಾಕಿಸಿದ್ದಾರೆ. ಬದಲಿ ನರ್ಸ್ ತಲೆ ಮೇಲೆ ಹಾಕಿ ಕೈ ತೊಳೆದುಕೊಳ್ಳಲಿಲ್ಲ. ಆ ಹುಡುಗಿ ಇನ್ನೂ ಅಲ್ಲೇ ಇದ್ದಾಳೆ. ಈಗ ಇಂಜೆಕ್ಷನ್ ತಾರೀಖು ರಿಜಿಸ್ಟರ್‌ನಲ್ಲೂ ಗೋಡೆಯ ಕ್ಯಾಲೆಂಡರ್‌ನಲ್ಲೂ ಇರುತ್ತದೆ, ಎರಡು ದಿನ ಮುಂಚೆ ಮನೆಗೆ ಫೋನ್ ಬರುತ್ತದೆ. ನನ್ನ 22 ವರ್ಷದಲ್ಲಿ ಎಷ್ಟೋ ನಡಾವಳಿ ಬರೆದಿದ್ದೇನೆ. ಅಭಿನಂದನೆಯ ಠರಾವು ಲೆಕ್ಕವಿಲ್ಲದಷ್ಟು. ನಮ್ಮಿಂದ ತಪ್ಪಾಯಿತು ಅಂತ ಒಂದೂ ಬರೆದ ನೆನಪಿಲ್ಲ.

ಸದಸ್ಯತ್ವದ ವಿಷಯ ಇನ್ನೂ ಬಾಕಿ ಇದೆ. 100 ರೂಪಾಯಿ ಕಟ್ಟಿ ನಾನು ಸಂಘದ ಸದಸ್ಯೆಯಾದಾಗ ಬೈಲಾದ ಪ್ರತಿ ಕೊಟ್ಟರು. ಬಸ್ಸಿನಲ್ಲಿ ಓದುತ್ತಾ ಬಂದೆ. ಸದಸ್ಯತ್ವ ರದ್ದಾಗುವ ಕಾರಣಗಳು: ಮರಣ, ರಾಜೀನಾಮೆ, ದಿವಾಳಿ, ಬುದ್ಧಿಭ್ರಮಣೆ. ನಮ್ಮ ಡೈರಿ ಬೈಲಾದಲ್ಲೂ ಅಂಥದ್ದೇ ಒಂದು ಸಾಲಿದೆ, ಎಷ್ಟೋ ಸಲ ಕಣ್ಣಾಡಿಸಿ ಮುಂದೆ ಹೋಗಿದ್ದೆ. ಈ ಸಲ ಹೋಗಲು ಆಗಲಿಲ್ಲ. ಮಾನಸಿಕ ಕಾಯಿಲೆ ಇರುವವರಿಗಾಗಿ ಕಟ್ಟಿದ ಸಂಘ, ಅದರಲ್ಲಿ ಅವರೇ ಸದಸ್ಯರಾಗುವಂತಿಲ್ಲ. ಯಾರೂ ಬೇಕಂತ ಹಾಕಿದ್ದಲ್ಲ, ಎಲ್ಲಿಂದಲೋ ನಕಲು ಮಾಡಿದ ಮಾದರಿ ಬೈಲಾ. ಹಾಗಾಗಿ ಕಾಯಿಲೆ ಇರುವ ಇಬ್ಬರನ್ನು ಕಮಿಟಿ ಸಭೆಗೆ ಆಹ್ವಾನಿತರು ಅಂತ ಮಾತ್ರ ಕೂರಿಸುತ್ತಿದ್ದರು. ಮಾತಾಡಬಹುದು, ಮತ ಇಲ್ಲ.

ತಮ್ಮನಿಗೆ ತೋರಿಸಿದೆ. ನಿಧಾನವಾಗಿ ಓದಿ ಕೇಳಿದ: "ಹಾಗಾದ್ರೆ ನಾವು ಸದಸ್ಯರಾಗೋ ಹಾಗೇ ಇರ್ಲಿಲ್ವಾ ಅಕ್ಕಾ?"

ಕಮಿಟಿಗೆ ಅರ್ಜಿ ಬರೆದೆ. ಎಂಟು ತಿಂಗಳು ತಗೊಂಡರು, ಇದಕ್ಕೆ ನನ್ನ ಪೂರ್ತಿ ಬೇಸರ ಇದೆ. ಇದರಿಂದ ಮುಂದೆ ಜಗಳ, ಕೋರ್ಟು ಅಂತಾದರೆ ಅಂತ ಕೆಲವರು ಎಳೆದಾಡಿದರು. ಕೊನೆಗೆ ಕಮಿಟಿಯಲ್ಲಿದ್ದ ಲಾಯರ್ ಒಬ್ಬರು 2017ರ ಕಾಯ್ದೆಯ 3ನೇ ಸೆಕ್ಷನ್ ತೆಗೆದು ಓದಿದರು. ಮಾನಸಿಕ ಕಾಯಿಲೆ ಇದೆ ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಬುದ್ಧಿ ಸ್ವಾಧೀನದಲ್ಲಿ ಇಲ್ಲದವರು ಅಂತ ತಿಳಿಯುವಂತಿಲ್ಲ, ಹಾಗಂತ ಕೋರ್ಟ್ ಹೇಳಿರಬೇಕು. ಅದೇ ಕಾಯ್ದೆ, ರೋಗಿಗಳ ದೂರು ಕೇಳುವ ಪರಿಶೀಲನಾ ಮಂಡಳಿಯಲ್ಲಿ ಎರಡು ಸ್ಥಾನ ಮೀಸಲಿಟ್ಟಿದೆ: ಕಾಯಿಲೆ ಇರುವವರು, ಅವರನ್ನು ನೋಡಿಕೊಳ್ಳುವವರು, ಇಲ್ಲವೇ ಅವರ ಪರವಾಗಿ ಕೆಲಸ ಮಾಡುವ ಸಂಸ್ಥೆಯವರು ಅಲ್ಲಿ ಜಡ್ಜ್ ಪಕ್ಕ ಕೂರಬಹುದು. ಜಡ್ಜ್ ಪಕ್ಕ ಕೂರಬಹುದಾದವರು ನಮ್ಮ ಕಮಿಟಿಯಲ್ಲಿ ಕೂರಬಾರದಾ ಅಂತ ಲಾಯರ್ ಕೇಳಿದ್ದಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. 2024ರ ಕೊನೆಯಲ್ಲಿ ವಿಶೇಷ ಸಭೆ ಕರೆದು ಆ ಸಾಲು ಹೊಡೆದು ಹಾಕಿದರು. 11 ಸ್ಥಾನಗಳಲ್ಲಿ ಎರಡು ಕಾಯಿಲೆಯ ಅನುಭವ ಇರುವವರಿಗೆ, ಎರಡು ಮನೆಯವರಿಗೆ, ಎಲ್ಲರಿಗೂ ಮತ.

ಸರಿಯಿಲ್ಲದ್ದು ಇನ್ನೂ ಇದೆ. ಸೋಷಿಯಲ್ ವರ್ಕರ್‌ಗಳಿಗೆ ಸಂಬಳ ತೀರಾ ಕಡಿಮೆ. ನಾಲ್ಕು ವರ್ಷದಲ್ಲಿ ಐದು ಜನ ಬದಲಾಗಿದ್ದಾರೆ. ಹೊಸಬರು ಬಂದಾಗಲೆಲ್ಲ ತಮ್ಮ ತಿಂಗಳುಗಟ್ಟಲೆ ಅವರ ಹತ್ತಿರ ಬಾಯಿ ಬಿಡುವುದಿಲ್ಲ. ಕಮಿಟಿ ಇದನ್ನು ಪ್ರತಿ ಸಭೆಯಲ್ಲೂ ಚರ್ಚಿಸುತ್ತದೆ, ಪರಿಹಾರ ಹುಡುಕಿಲ್ಲ. ಒಂದು ಕಂಪನಿಯವರು ದೊಡ್ಡ ಮೊತ್ತ ಕೊಡಲು ಬಂದಿದ್ದರು, ಡೇ ಕೇರ್‌ಗೆ ಬರುವವರ ಫೋಟೋ ಪೇಪರ್‌ನಲ್ಲಿ ಬರಬೇಕು ಅಂದರು. ಎಲ್ಲರನ್ನೂ ಕೂರಿಸಿ ಕೇಳಿದರೆ ಹೆಚ್ಚಿನವರು ಬೇಡ ಅಂದರು, ಕಮಿಟಿ ದುಡ್ಡು ಬಿಟ್ಟಿತು. ಸಂಬಳಕ್ಕೆ ಆಗುತ್ತಿತ್ತಲ್ಲ ಅಂತ ಕೋಆರ್ಡಿನೇಟರ್ ಅತ್ತದ್ದನ್ನು ನೋಡಿದ್ದೇನೆ. ಆದರೂ ಮಾಡಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ರಾತ್ರಿ ಹೊತ್ತು ಫೋನ್ ಎತ್ತುವ ವ್ಯವಸ್ಥೆ ಇವತ್ತಿಗೂ ಇಲ್ಲ. ಕಮಿಟಿಯಲ್ಲಿ ಹೆಂಗಸರು ಮೂವರೇ. ದೂರದ ಹಳ್ಳಿಯವರಿಗೆ ಬಸ್ ಚಾರ್ಜೇ ಭಾರ.

ಐದಕ್ಕೆ ನಾಲ್ಕು ಕೊಡುತ್ತೇನೆ. ತಿಂಗಳಿಗೆ 300 ರೂಪಾಯಿ ಫೀಸು, ಆಗದವರಿಗೆ ಇಲ್ಲ. ಮೊದಲ ಸಲ ಹೋಗುವವರು ಸೈಕಿಯಾಟ್ರಿಸ್ಟ್ ಬರುವ ದಿನ ಕೇಳಿಕೊಂಡು ಹೋಗಿ. ಹಳೆಯ ಚೀಟಿ, ಆಧಾರ್, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದ್ದರೆ ಅದನ್ನೂ ತಗೊಂಡು ಹೋಗಿ. ಇಲ್ಲದಿದ್ದರೆ ಅಂಗವಿಕಲರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು ಅವರೇ ಸಹಾಯ ಮಾಡುತ್ತಾರೆ. ಕೇಂದ್ರ ಹುಡುಕುತ್ತಿರುವವರು ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗೆ ನೋಡುವ ಮನೋಚೈತನ್ಯ ಕ್ಲಿನಿಕ್ ಇರುವ ಮಂಗಳವಾರ ವಿಚಾರಿಸಿದರೆ ದಾರಿ ತೋರಿಸುತ್ತಾರೆ. ಎಲ್ಲಿಗೇ ಹೋದರೂ ಕಮಿಟಿ ಪಟ್ಟಿ, ಲೆಕ್ಕ ಎರಡನ್ನೂ ಮೊದಲು ಕೇಳಿ.

ಈ ಸೆಪ್ಟೆಂಬರ್‌ನಲ್ಲಿ ಹೊಸ ಬೈಲಾದ ಪ್ರಕಾರ ಮೊದಲ ಚುನಾವಣೆ. ತಮ್ಮ ನಾಮಪತ್ರದ ಫಾರಂ ತಂದಿದ್ದಾನೆ. ಸೂಚಕರು ಒಬ್ಬರು, ಅನುಮೋದಕರು ಒಬ್ಬರು ಬೇಕು. ಸೂಚಕರಾಗಿ ಫಿನಾಯಿಲ್ ಗುಂಪಿನ ಗೆಳೆಯ ಸಹಿ ಹಾಕಿದ್ದಾರೆ. ಅನುಮೋದಕರ ಜಾಗಕ್ಕೆ ನಾನು ಹಾಕ್ತೀನಿ ಅಂದೆ. "ಬೇಡಕ್ಕ, ಮನೆಯವರದ್ದು ಬೇಡ" ಅಂತ ಫಾರಂ ಮಡಚಿ ಜೇಬಿನಲ್ಲಿ ಇಟ್ಟುಕೊಂಡ. ಖಜಾಂಚಿಯನ್ನು ಕೇಳಬೇಕು ಅಂತಿದ್ದಾನೆ.